ಏಳರ ಆಸುಪಾಸು

ನಾನು ಒಂದು ಗಾಜಿನ ಕಡ್ಡಿ. ಗೇಣುದ್ದ ಇದ್ದೇನೆ. ನನ್ನ ತಲೆಯಿಂದ ಹೊರಟ ಕಪ್ಪು ತಂತಿ ಪಿಎಚ್ ಮೀಟರ್ ಎಂಬ ಪೆಟ್ಟಿಗೆಗೆ ಹೋಗಿ ಸೇರುತ್ತಿತ್ತು. ಪೆಟ್ಟಿಗೆಯ ಮುಖದ ಮೇಲೆ ಅಂಕಿಗಳು ಮೂಡುತ್ತಿದ್ದವು. ಜನ ಆ ಅಂಕಿ ನೋಡಿ ‘ಮೀಟರ್ ಚಲೋ ಐತಿ’ ಎಂದು ಪೆಟ್ಟಿಗೆಯ ಬೆನ್ನು ತಟ್ಟುತ್ತಿದ್ದರು. ದ್ರವದೊಳಗೆ ಮುಳುಗಿ ರುಚಿ ನೋಡುತ್ತಿದ್ದದ್ದು ನಾನು. ಒಂದು ಕಾಲಕ್ಕೆ ಇದರಿಂದ ನನಗೆ ಮೈ ಉರಿಯುತ್ತಿತ್ತು. ಈಗ ಆ ಉರಿಯೂ ಇಲ್ಲ.

ರುಚಿ ಎಂದರೆ ನನಗೆ ಗೊತ್ತಿದ್ದದ್ದು ಒಂದೇ, ಹುಳಿ ಎಷ್ಟು, ಕ್ಷಾರ ಎಷ್ಟು ಎಂಬುದು. ಸೊನ್ನೆಯಿಂದ ಹದಿನಾಲ್ಕರವರೆಗೆ ಅದರ ಅಳತೆ. ನಡುವೆ ಏಳು ಇದೆ. ಏಳಕ್ಕಿಂತ ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಕ್ಷಾರ. ನಿಂಬೆರಸ ಎರಡರ ಹತ್ತಿರ, ಸೋಪಿನ ನೀರು ಹತ್ತರ ಹತ್ತಿರ. ಸಿಹಿ ಯಾವುದು, ಉಪ್ಪು ಯಾವುದು ಎಂದು ಕೇಳಿದರೆ ನಾನು ಹೇಳಲಾರೆ. ಇಷ್ಟೇ ಬಲ್ಲ ನನ್ನನ್ನು ನಂಬಿ ಒಬ್ಬ ಹೆಣ್ಣುಮಗಳ ಕಣ್ಣು ಕೂತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ನಾನು ಹುಟ್ಟಿದ್ದು ಉತ್ತರ ಭಾರತದ ಅಂಬಾಲಾದಲ್ಲಿ, ತಗಡಿನ ಮಾಡಿನ ಒಂದು ಶೆಡ್ಡಿನಲ್ಲಿ. ಒಬ್ಬಾತ ಉರಿಯ ಮುಂದೆ ಕೂತು ಗಾಜಿನ ಕೊಳವೆಯ ತುದಿ ಕಾಯಿಸಿ, ಇನ್ನೊಂದು ತುದಿಗೆ ಬಾಯಿಟ್ಟು ಊದಿದ. ತುದಿಯಲ್ಲಿ ಬಟಾಣಿಯಷ್ಟು ಗುಳ್ಳೆ ಎದ್ದಿತು. ಅದೇ ನನ್ನ ನಾಲಿಗೆ. ಈರುಳ್ಳಿ ಸಿಪ್ಪೆಗಿಂತ ತೆಳು. ಆತನಿಗೆ ಅಂದು ನೆಗಡಿಯಾಗಿತ್ತು. ನನ್ನ ಮೊದಲ ಉಸಿರು ಇನ್ನೊಬ್ಬರ ನೆಗಡಿಯ ಉಸಿರು ಎಂಬುದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆಮೇಲೆ ಒಬ್ಬಳು ನನ್ನ ಹೊಟ್ಟೆಗೆ ಬೆಳ್ಳಿಯ ತಂತಿ ಇಳಿಸಿ ಉಪ್ಪುನೀರು ತುಂಬಿದಳು. ಗುಳ್ಳೆಗೂ ಉಪ್ಪುನೀರು ತುಂಬಿದ ಒಂದು ರಬ್ಬರ್ ಟೋಪಿ ಹಾಕಿದಳು. ಆ ಟೋಪಿ ನನ್ನ ಜೀವ. ನನ್ನ ಗುಳ್ಳೆ ಒದ್ದೆಯಾಗಿರುವ ತನಕ ಮಾತ್ರ ನನಗೆ ರುಚಿಯ ಅರಿವು. ಒಣಗಿದರೆ ಮರಗಟ್ಟುತ್ತೇನೆ, ಬೇಗ ನೆನೆಸಿದರೆ ಮತ್ತೆ ಅರಿವು ಬರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದ ಹುಬ್ಬಳ್ಳಿಯ ಒಂದು ಅಂಗಡಿಗೆ ಬಂದೆ. ಕೆಲವು ಕಾಲ ಕಪಾಟಿನಲ್ಲಿ ಬೀಕರುಗಳ ಪಕ್ಕ ಮಲಗಿದ್ದೆ. ಅಲ್ಲಿಂದ ನನ್ನನ್ನು ಕೊಂಡದ್ದು ಊರಾಚೆಯ ಒಂದು ಕಣ್ಣಿನ ಆಸ್ಪತ್ರೆ. ಅದರ ನೆಲಮಹಡಿಯ ಮೂಲೆಯಲ್ಲಿ ಒಂದು ಪ್ರಯೋಗಾಲಯ ಇತ್ತು. ಬೇರೆ ಪ್ರಯೋಗಾಲಯಗಳಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ. ಇಲ್ಲಿ ಜೀವಕೋಶ ಬೆಳೆಸುತ್ತಿದ್ದರು. ಸುಟ್ಟುಹೋದ ಕಣ್ಣಿಗೆ, ಅದೇ ರೋಗಿಯ ಕಣ್ಣಂಚಿನ ಚೆನ್ನಾಗಿರುವ ಜಾಗದಿಂದ ಕಡಲೆಬೇಳೆಗಿಂತ ಸಣ್ಣ ಚೂರು ತೆಗೆದು, ಅದನ್ನು ತಟ್ಟೆಯಲ್ಲಿಟ್ಟು, ಅದರಿಂದ ಹೊಸ ಪದರ ಬೆಳೆಸಿ, ಮತ್ತೆ ಕಣ್ಣಿಗೇ ಹೊಲಿಯುವ ಕೆಲಸ. ತಟ್ಟೆಯಲ್ಲಿರುವ ಚೂರಿಗೆ ಊಟ ಬೇಡವೇ? ಆ ಊಟದ ನೀರಿಗೆ ಮೀಡಿಯಂ ಎಂದು ಹೆಸರು. ಅದು ತಯಾರಾಗುತ್ತಿದ್ದ ಮೇಜೇ ನನ್ನ ಮನೆ.

ನಾನು ಒಂದು ಕಬ್ಬಿಣದ ತೋಳಿಗೆ ತೂಗಿಕೊಂಡಿರುತ್ತಿದ್ದೆ. ಬಗ್ಗಿ ಕೆಲಸ ಮಾಡುವವರ ಗದ್ದ, ಮೂಗಿನ ಹೊಳ್ಳೆ, ಕತ್ತಿನ ಸರ, ಇಷ್ಟೇ ನನಗೆ ಕಾಣುತ್ತಿದ್ದದ್ದು. ಇವತ್ತಿಗೂ ನಾನು ಮನುಷ್ಯರನ್ನು ಗದ್ದದಿಂದ ಗುರುತಿಸುತ್ತೇನೆ.

ಮೊದಲ ಗದ್ದ ಗುರುಪಾದ ನಾಡಗೌಡರದು. ಅಲ್ಲಿಯ ಹಿರಿಯ ತಂತ್ರಜ್ಞರು, ನಿವೃತ್ತಿಗೆ ಹತ್ತಿರ ಬಂದಿದ್ದವರು. ಎಲೆ ಅಡಿಕೆ ಜಗಿದು ಜಗಿದು ಅವರ ತುಟಿಯ ಅಂಚು ಸದಾ ಕೆಂಪು. ಒಂದು ದಿನ ಯಾರೂ ಇಲ್ಲದಾಗ ತಮ್ಮ ಸುಣ್ಣದ ಡಬ್ಬಿಯಿಂದ ಕೊಂಚ ಸುಣ್ಣ ತೆಗೆದು ನೀರಲ್ಲಿ ಕದಡಿ ನನ್ನನ್ನು ಅದ್ದಿಬಿಟ್ಟರು. ನನಗೆ ಕೂಗುವ ಬಾಯಿದ್ದರೆ ಕೂಗುತ್ತಿದ್ದೆ. ಪೆಟ್ಟಿಗೆ ಹನ್ನೆರಡೂವರೆ ತೋರಿಸಿತು.

“ಎವ್ವಾ! ಇದನ್ನ ದಿನಾ ಬಾಯಾಗ ಇಟ್ಕೊಂಡ ಅಡ್ಡಾಡ್ತೇನೇನು ನಾನು?” ಎಂದು ನಕ್ಕರು. ಮರುದಿನವೂ ಎಲೆ ಹಾಕಿಕೊಂಡೇ ಬಂದರು.

ಅವರು ಕೆಲಸ ಕಲಿಸಿದ್ದು ರೇಣುಕಾ ಬಡಿಗೇರಗೆ. ನನ್ನ ಬದುಕಿನ ಬಹುಪಾಲು ಕಳೆದದ್ದು ಇವಳ ಕೈಯಲ್ಲಿ. ಗದ್ದದ ಎಡಕ್ಕೆ ಒಂದು ಹಳೇ ಗಾಯದ ಗುರುತು ಇದ್ದ ಮೂವತ್ತರ ಆಸುಪಾಸಿನ ಹೆಣ್ಣು. ಕಲಿಸಿದ ಕ್ರಮವನ್ನು ನಾನೂ ಕೇಳಿ ಕೇಳಿ ಕಲಿತೆ. ಶುದ್ಧ ನೀರಿಗೆ ಪೊಟ್ಟಣದ ಮೀಡಿಯಂ ಪುಡಿ ಸುರಿಯಬೇಕು. ಬೀಕರಿನ ತಳದಲ್ಲಿ ಅಯಸ್ಕಾಂತದ ಗುಂಡು ಗಿರಗಿರ ತಿರುಗಿ ಕಲಸುತ್ತದೆ. ಪುಡಿಯಲ್ಲೇ ಒಂದು ಬಣ್ಣ ಇರುತ್ತದೆ. ಹುಳಿಯಾದರೆ ಅದು ಹಳದಿ, ಸರಿಯಿದ್ದರೆ ಕೆಂಪು, ಕ್ಷಾರ ಹೆಚ್ಚಾದರೆ ನೇರಳೆ. ಪುಡಿ ಕರಗಿದಾಗ ನೀರು ಹಳದಿಗೆ ತಿರುಗುತ್ತದೆ. ಆಗ ತೂಗಿಟ್ಟ ಸೋಡಾ ಪುಡಿ ಹಾಕಬೇಕು. ಹಾಕಿದ ಕೂಡಲೇ ಬಣ್ಣ ಕೆಂಪು ದಾಟಿ ನೇರಳೆಯತ್ತ ಹೋಗುತ್ತದೆ. ಅದನ್ನು ಆಮ್ಲದ ಹನಿ ಬಿಟ್ಟು ಬಿಟ್ಟು ಏಳೂ ಚಿಲ್ಲರೆಗೆ ಇಳಿಸಬೇಕು. ರಕ್ತ, ಕಣ್ಣೀರು, ಮೀಡಿಯಂ, ಮೂರಕ್ಕೂ ಹೆಚ್ಚುಕಡಿಮೆ ಅದೇ ಅಂಕಿ ಎಂದು ನಾಡಗೌಡರು ಹೇಳುತ್ತಿದ್ದರು.

ಸೋಡಾ ಯಾಕೆ? ಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯೊಳಗೆ ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತಾರೆ. ಅದು ಮೀಡಿಯಮ್ಮಿನಲ್ಲಿ ಕರಗಿದಂತೆ ಹುಳಿ ಏರುತ್ತದೆ. ಸೋಡಾ ಇದ್ದರೆ ಆ ಹುಳಿಯನ್ನು ತಡೆದುಕೊಂಡು ಅಂಕಿಯನ್ನು ಅಲ್ಲಾಡಲು ಬಿಡುವುದಿಲ್ಲ. ಇದಕ್ಕೆ ಬಫರ್ ಎನ್ನುತ್ತಿದ್ದರು. ಸೋಡಾ ಇಲ್ಲದೆಯೂ ಬಣ್ಣವನ್ನು ಕೆಂಪು ಮಾಡಬಹುದು, ನಾಲ್ಕು ಹನಿ ಕ್ಷಾರ ಬಿಟ್ಟರೆ ಸಾಕು. ನೋಡಲಿಕ್ಕೆ ಎರಡೂ ಒಂದೇ. ಅದನ್ನು ಅಳೆದರೆ ನಾನು ಕೂಡ ಏಳೂ ಚಿಲ್ಲರೆ ಎಂದೇ ಹೇಳುತ್ತೇನೆ. ನಾನು ಬಲ್ಲದ್ದು ಈಗ ಎಷ್ಟಿದೆ ಎಂಬುದನ್ನು ಮಾತ್ರ. ಎಷ್ಟು ತಡೆದುಕೊಂಡೀತು ಎಂದು ನನ್ನನ್ನು ಕೇಳಬೇಡಿ.

“ಬಣ್ಣಾ ನಂಬಬ್ಯಾಡವಾ ರೇಣುಕಾ,” ಎನ್ನುತ್ತಿದ್ದರು ನಾಡಗೌಡರು. “ಬಣ್ಣಾ ಬೇಕಾದಂಗ ಮೋಸಾ ಮಾಡ್ತೈತಿ.”

“ಆತ್ರಿ ಸರ್,” ಎನ್ನುತ್ತಿದ್ದಳು ರೇಣುಕಾ.

ಆಗ ಅವಳು ಬಾಯಿಬಡುಕಿ. ನನ್ನ ಅಂಕಿ ನಿಲ್ಲಲು ತಡವಾದರೆ “ಲಗೂ ಹೇಳೋ ಮಾರಾಯಾ, ಬಸ್ಸು ತಪ್ಪತೈತಿ ನಂದು” ಎಂದು ನನ್ನನ್ನೇ ಬೈಯುತ್ತಿದ್ದಳು. ನನ್ನನ್ನು ತೊಳೆದು ಒರೆಸುವಾಗ ಯಾವುದಾದರೂ ಹಾಡು ಗುನುಗುತ್ತಿದ್ದಳು. ಅವಳ ಗಂಡ ಬಸ್ ಕಂಡಕ್ಟರ್. ಸಂಜೆ ತನ್ನ ಬಸ್ಸು ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಸುಮ್ಮನೆ ಸೀಟಿ ಊದುತ್ತಿದ್ದನಂತೆ. ಸೀಟಿ ಕೇಳಿದಾಗ ಗದ್ದದ ಗಾಯದ ಗುರುತು ಸ್ವಲ್ಪ ಮೇಲೇರುತ್ತಿತ್ತು. ನಗುತ್ತಿದ್ದಾಳೆ ಎಂದು ನನಗೆ ಹಾಗೆ ತಿಳಿಯುತ್ತಿತ್ತು.

ನಾಡಗೌಡರು ನಿವೃತ್ತರಾದರು. ಅದಾಗಿ ವರ್ಷವೂ ಕಳೆದಿರಲಿಲ್ಲ, ರೇಣುಕಾಳ ಗಂಡ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಹದಿಮೂರು ದಿನದ ಕಾರ್ಯ ಮುಗಿಸಿ ಅವಳು ಕೆಲಸಕ್ಕೆ ಬಂದಳು. ಕತ್ತು ಬರಿದಾಗಿತ್ತು. ಬಂದವಳೇ ಏಪ್ರನ್ ಹಾಕಿಕೊಂಡು, ನನ್ನ ಟೋಪಿ ಬಿಚ್ಚಿ, ತೊಳೆದು, ಅಳತೆಗೆ ಇಟ್ಟಳು. ಕೈಯಲ್ಲಿ ನಡುಕವಿಲ್ಲ. ಕಣ್ಣಲ್ಲಿ ನೀರಿಲ್ಲ. ನನಗೆ ಬೈಗುಳವೂ ಇಲ್ಲ.

ಬಾಗಿಲಲ್ಲಿ ನಿಂತು ನೋಡಿದವರೆಲ್ಲ ಒಂದೇ ಮಾತು ಹೇಳಿದರು. “ಭಾಳ ಗಟ್ಟಿ ಹೆಣ್ಣಮಗಳ ಬಿಡ್ರಿ.” ಅವರು ನೋಡಿದ್ದು ಬಣ್ಣವನ್ನು.

ಆ ಹೊತ್ತಿನಲ್ಲೇ ಕಲ್ಲವ್ವ ಬಂದದ್ದು. ಐವತ್ತರ ಹತ್ತಿರದ ಕಲ್ಲವ್ವ ಮನೆಗಳಿಗೆ ಸುಣ್ಣ ಬಳಿಯುವವಳು. ಹಬ್ಬದ ಮುಂಚೆ ಪೀಪಾಯಿಯಲ್ಲಿ ಸುಣ್ಣದ ಕಲ್ಲಿಗೆ ನೀರು ಹೊಯ್ಯುವಾಗ ಅದು ಕುದ್ದು ಸಿಡಿದಿತ್ತು. ಬಲಗಣ್ಣು ಪೂರ್ತಿ ಮಂಜಾಯಿತು. ಎಡಗಣ್ಣಿಗೂ ಒಂದಿಷ್ಟು ತಗುಲಿತ್ತು, ಆದರೆ ಅದರ ಅಂಚಿನಲ್ಲಿ ಚೆನ್ನಾಗಿರುವ ಜಾಗ ಒಂದು ತುಣುಕು ಉಳಿದಿತ್ತು. ಹನ್ನೆರಡೂವರೆ ಎಂದರೆ ಏನು ಎಂದು ಆ ಆಸ್ಪತ್ರೆಯಲ್ಲಿ ಬಲ್ಲವರು ನಾವಿಬ್ಬರೇ ಇರಬೇಕು, ಕಲ್ಲವ್ವ ಮತ್ತು ನಾನು.

ಡಾಕ್ಟರ್ ಪ್ರಹ್ಲಾದ ಕಟ್ಟಿಯವರು ಆ ಎಡಗಣ್ಣಿನ ಅಂಚಿನಿಂದ ಚೂರು ತೆಗೆದರು. ಪ್ರಯೋಗಾಲಯದ ಮುಖ್ಯಸ್ಥರೂ ಅವರೇ, ಚಾಕು ಹಿಡಿಯುವವರೂ ಅವರೇ. ಚೂರನ್ನು ತಟ್ಟೆಗಿಟ್ಟು ರೇಣುಕಾಗೆ ಹೇಳಿದರು, “ಇದು ಒಂದ ಸಲದ್ದು ನೋಡ್ರಿ. ಇನ್ನೊಮ್ಮೆ ಅಲ್ಲಿ ಕತ್ತರಿ ಹಾಕಿದ್ರ ಇದ್ದ ಕಣ್ಣೂ ಹೋಗ್ತದ.”

“ಹೂಂ ಸರ್,” ಎಂದಳು. ಅವಳ ದನಿಯಲ್ಲಿ ಏರಿಳಿತವಿರಲಿಲ್ಲ.

ಕಲ್ಲವ್ವ ಎರಡು ದಿನಕ್ಕೊಮ್ಮೆ ಔಷಧ ಹಾಕಿಸಿಕೊಳ್ಳಲು ಬರುತ್ತಿದ್ದಳು. ಬಂದಾಗಲೆಲ್ಲ ನಮ್ಮ ಗಾಜಿನ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂಡುತ್ತಿದ್ದಳು. ಮೊದಲ ದಿನ ಬಾಗಿಲಿಗೆ ಮುಖ ಹಚ್ಚಿ ಕೇಳಿದಳು.

“ಇಲ್ಲೇನವಾ ನನ್ನ ಕಣ್ಣ ಬೆಳಿಯೂದು?”

“ಹೌದ್ರಿ.”

“ನೀನ ಏನ ನೀರ ಹಾಕಾಕಿ?”

“ಹೌದ್ರಿ.”

“ಚಂದಗೆ ಹಾಕವಾ. ಬದನಿ ಸಸಿ ಆದ್ರ ಒಣಗಿದ್ರ ಮತ್ತೊಂದ ಹಚ್ಚಬಹುದು.” ಅವಳು ತಮಾಷೆ ಮಾಡುತ್ತಿದ್ದಳೋ ಹೆದರಿದ್ದಳೋ ತಿಳಿಯಲಿಲ್ಲ. ರೇಣುಕಾ ತಲೆಯಾಡಿಸಿ ಒಳಗೆ ಬಂದಳು.

ಕೋಶಗಳು ಚೆನ್ನಾಗಿ ಬೆಳೆಯತೊಡಗಿದವು. ಚೂರಿನ ಸುತ್ತ ತೆಳ್ಳನೆಯ ಪದರ ಹರಡುತ್ತಿದೆ ಎಂದು ಡಾಕ್ಟರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರು. ಮೊದಲು ಮಾಡಿಟ್ಟ ಮೀಡಿಯಂ ಮುಗಿಯಿತು. ರೇಣುಕಾ ಹೊಸದು ಮಾಡಲು ನಿಂತಳು.

ಎಂದಿನಂತೆ ಸೋಡಾ ತೂಗಿ ಬೆಣ್ಣೆಕಾಗದದ ಮೇಲಿಟ್ಟಳು. ಪುಡಿ ನೀರಿಗೆ ಬಿತ್ತು, ನೀರು ಹಳದಿಯಾಯಿತು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಗ್ರೇಸಿ ಸಿಸ್ಟರ್ ನಿಂತಿದ್ದರು. ಹಿರಿಯ ನರ್ಸು, ಮಗಳ ಬಾಣಂತನಕ್ಕೆಂದು ರಜೆಯ ಮೇಲೆ ಹೋಗಿದ್ದವರು ಅಂದೇ ಮರಳಿದ್ದರು. ಸಾವಾದ ಮನೆಯವರನ್ನು ಆಮೇಲೆ ಮೊದಲ ಸಲ ಕಂಡಾಗ ಬೇರೇನೂ ಆಡದೆ ಆ ಮಾತು ಆಡಿ ಮುಗಿಸಬೇಕು, ಇಲ್ಲಿಯ ಪದ್ಧತಿ ಅದು. ಒಳಗೆ ಬರಲು ಅವರಿಗೆ ಅನುಮತಿಯಿಲ್ಲ. ರೇಣುಕಾಳೇ ಹೊರಗೆ ಹೋಗಬೇಕು. ಫ್ಯಾನಿನ ಗಾಳಿಗೆ ಪುಡಿ ಹಾರಬಾರದೆಂದು ಕಾಗದವನ್ನು ಮಡಚಿ ಪೊಟ್ಟಣ ಕಟ್ಟಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹೋದಳು.

“ನಾ ಇರ್ಲಿಲ್ಲಲ್ಲವಾ ರೇಣುಕಾ... ಕೇಳಿ ಎದಿ ಒಡೀತ ನೋಡು...” ಸಿಸ್ಟರ್ ಅಳುತ್ತಿದ್ದರು. ರೇಣುಕಾ ಅವರನ್ನು ಸಮಾಧಾನ ಮಾಡುತ್ತಿದ್ದಳು. ಈ ವ್ಯವಹಾರ ನನಗೆ ಯಾವಾಗಲೂ ಉಲ್ಟಾ ಕಾಣುತ್ತದೆ, ಆದರೆ ಮನುಷ್ಯರಲ್ಲಿ ಹೀಗೇ ನಡೆಯುವುದು.

ಮರಳಿ ಬಂದಾಗ ಅವಳ ಕಾಲು ನೆಲದ ಮೇಲಿತ್ತು, ಮನಸ್ಸು ಎಲ್ಲಿತ್ತೋ. ಬೀಕರಿನಲ್ಲಿ ಹಳದಿ ನೀರು ತಿರುಗುತ್ತಿತ್ತು. ಮೇಜಿನ ಮೇಲೆ ಕಾಗದವಿಲ್ಲ. ಕಾಗದವಿಲ್ಲ ಎಂದರೆ ಸೋಡಾ ಬಿದ್ದಾಗಿದೆ ಎಂದು ಅವಳ ಕೈ ತಿಳಿದುಕೊಂಡಿತು. ನನ್ನನ್ನು ಇಳಿಸಿದಳು. ಹುಳಿ ಎಂದೆ. ಯಾವಾಗಲೂ ಆಮ್ಲದ ಬಾಟಲಿಗೆ ಹೋಗುತ್ತಿದ್ದ ಕೈ ಅಂದು ಕ್ಷಾರದ ಬಾಟಲಿಗೆ ಹೋಯಿತು. ಒಂದು ಹನಿ ಬಿದ್ದರೆ ಸಾಕು, ಅಂಕಿ ಎಗರುತ್ತಿತ್ತು. ಸೋಡಾ ಇರುವ ಮೀಡಿಯಂ ಹನಿಗೆ ಹೀಗೆ ಹಗುರಾಗಿ ಎಗರುವುದಿಲ್ಲ, ನೆಲ ಕಚ್ಚಿ ನಿಲ್ಲುತ್ತದೆ. ಇದರ ಕಾಲ ಕೆಳಗೆ ನೆಲವೇ ಇಲ್ಲ ಎಂದು ನನಗೆ ಅನ್ನಿಸಿತು. ಅನ್ನಿಸಿ ಏನು ಮಾಡಲಿ? ನನಗಿರುವುದು ಅಂಕಿ ಮಾತ್ರ. ಏಳೂ ಚಿಲ್ಲರೆ ಬಂದಾಗ ಏಳೂ ಚಿಲ್ಲರೆ ಎಂದೆ.

ಬಣ್ಣ ಚೆಂದದ ಕೆಂಪು. ಸಣ್ಣ ರಂಧ್ರದ ಪೊರೆಯಲ್ಲಿ ಸೋಸಿ, ಬಾಟಲಿಗೆ ತುಂಬಿ, ಫ್ರಿಜ್ಜಿಗಿಟ್ಟಳು. ಸಂಜೆ ಕಲ್ಲವ್ವನ ತಟ್ಟೆಯ ಹಳೇ ಮೀಡಿಯಂ ತೆಗೆದು ಹೊಸದನ್ನು ಹಾಕಿ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದಳು.

ಬೆಳಿಗ್ಗೆ ಡಾಕ್ಟರು ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದವರು ಹಾಗೇ ನಿಂತರು. ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮೇಜಿಗೆ ತಂದರು. ಅರಿಸಿನ ನೀರಿನಂಥ ಹಳದಿ. ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪದರದ ಕೋಶಗಳು ಮುದುಡಿ ಗುಂಡಗಾಗಿ ತಳ ಬಿಡುತ್ತಿದ್ದವು.

“ಇನ್ಫೆಕ್ಷನ್ ಆಗ್ಯದ,” ಎಂದರು. ಅವರ ಗದ್ದ ಬಿಗಿದುಕೊಂಡಿತ್ತು. “ಬ್ಯಾಕ್ಟೀರಿಯಾ ಬಿದ್ರ ಹಿಂಗ ಹಳದಿ ಆಗ್ತದ. ಒಗೀರಿ ಇದನ್ನ. ಉಳದ ತಟ್ಟಿಗೋಳಿಗೆ ಹಬ್ಬೂಕ್ಕಿಂತ ಮೊದಲ ಒಗೀರಿ.”

ರೇಣುಕಾ ತಟ್ಟೆ ತೆಗೆದುಕೊಂಡಳು. ಕಸದ ಡಬ್ಬಿಯ ಕಡೆಗೆ ಎರಡು ಹೆಜ್ಜೆ ಇಟ್ಟಳು. ಅಲ್ಲಿ ನಿಂತು ತಟ್ಟೆಯನ್ನು ಬೆಳಕಿಗೆ ಹಿಡಿದಳು. ಬ್ಯಾಕ್ಟೀರಿಯಾ ಬೆಳೆದ ನೀರು ಕದಡುತ್ತದೆ, ಮಬ್ಬಾಗುತ್ತದೆ. ಇದು ಹಳದಿಯಾಗಿತ್ತು, ಆದರೆ ತಿಳಿಯಾಗಿತ್ತು. ಅವಳ ಇನ್ನೊಂದು ಕೈ ಏಪ್ರನ್ನಿನ ಜೇಬಿಗೆ ಹೋಯಿತು. ನಿನ್ನೆಯ ಏಪ್ರನ್ನೇ ಅದು. ಕೈ ಜೇಬಿನಲ್ಲೇ ಉಳಿಯಿತು.

ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಸೋಂಕು ಯಾರ ತಪ್ಪೂ ಅಲ್ಲ. ತಟ್ಟೆ ಡಬ್ಬಿಗೆ ಬೀಳುತ್ತಿತ್ತು, ಪೊಟ್ಟಣ ಬಚ್ಚಲಿಗೆ ಬೀಳುತ್ತಿತ್ತು, ಕಲ್ಲವ್ವನ ಬಲಗಣ್ಣು ಮಂಜಾಗಿಯೇ ಇರುತ್ತಿತ್ತು. ಕೆಲಸ ಉಳಿಯುತ್ತಿತ್ತು. ಗಂಡನಿಲ್ಲದ ಮನೆಗೆ ಆ ಕೆಲಸ ಬೇಕಿತ್ತು.

ಅವಳು ಪೊಟ್ಟಣ ತೆಗೆದು ನನ್ನ ಪಕ್ಕ ಮೇಜಿನ ಮೇಲಿಟ್ಟಳು.

“ಇನ್ಫೆಕ್ಷನ್ ಅಲ್ರಿ ಸರ್. ಸೋಡಾ ಹಾಕಿಲ್ಲ ನಾನು. ನನ್ನ ಕಿಸೆದಾಗ ಉಳದೈತಿ.”

ಡಾಕ್ಟರು ಪೊಟ್ಟಣ ನೋಡಿದರು, ಅವಳ ಮುಖ ನೋಡಿದರು. ತಟ್ಟೆಯ ನೀರನ್ನು ಒಂದು ಪುಟ್ಟ ಕೊಳವೆಗೆ ಬಸಿದು ನನ್ನನ್ನು ಅದ್ದಿದರು. ಆರೂ ಚಿಲ್ಲರೆ ಎಂದೆ. ನನ್ನ ಮಾತನ್ನು ಅವರು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

“ಹೊಸಾದು ಮಾಡ್ರಿ,” ಎಂದರು. “ಲಗೂ ಮಾಡ್ರಿ. ಬೈಯೂದು ಆಮ್ಯಾಲ.”

ಅವಳು ಮಾಡಿದಳು. ಸೋಡಾ ಸುರಿಯುವಾಗ ಅವಳ ಕೈ ನಡುಗಿತು. ಅಷ್ಟು ದಿನ ಒಮ್ಮೆಯೂ ನಡುಗದ ಕೈ ಅದು. ತಪ್ಪು ತಿಳಿಯಬೇಡಿ, ನನಗೆ ಅದನ್ನು ಕಂಡು ಸಂತೋಷವಾಯಿತು. ಬಣ್ಣ ನೇರಳೆಗೆ ಹೋಯಿತು, ಆಮ್ಲದ ಹನಿಗಳು ಬಿದ್ದವು. ಅಂಕಿ ಎಗರದೆ ನಿಧಾನವಾಗಿ, ಭಾರವಾಗಿ ಇಳಿಯಿತು. “ಖರೇನ ಏಳೂ ಚಿಲ್ಲರಿ ಏನೋ?” ಎಂದು ಅವಳು ನನ್ನನ್ನು ಕೇಳಿದಳು. ಎಷ್ಟು ದಿನವಾಗಿತ್ತು ಅವಳು ನನ್ನೊಡನೆ ಮಾತಾಡಿ!

ಹೊಸ ಮೀಡಿಯಂ ಹಾಕಿದ ಮೇಲೆ ಡಾಕ್ಟರು ಮತ್ತೆ ನೋಡಿದರು. ಬಹುಪಾಲು ಸತ್ತಿತ್ತು. ಚೂರಿಗೆ ಅಂಟಿಕೊಂಡು ಅಂಚಿನಲ್ಲಿ ಕೆಲವು ಕೋಶಗಳು ಇನ್ನೂ ತಳ ಹಿಡಿದಿದ್ದವು. ಕಾಯಬೇಕು ಎಂದರು.

“ಕಲ್ಲವ್ವಗ ಹೇಳ್ತೇನ್ರಿ ಸರ್,” ಎಂದಳು ರೇಣುಕಾ.

“ಹೇಳಿ ಏನ್ ಮಾಡ್ತೀರಿ? ಆಕಿ ಮೊದಲ ಹೆದರ್ಯಾಳ. ಬೆಳದ್ರ ಬೆಳೀತಾವ, ಇಲ್ಲಂದ್ರ ಇಲ್ಲ.”

“ಕಣ್ಣ ಆಕೀದ್ರಿ.”

ಡಾಕ್ಟರು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಬೇಡ ಎನ್ನಲಿಲ್ಲ.

ಕಲ್ಲವ್ವ ಬಂದು ಬೆಂಚಿನ ಮೇಲೆ ಕೂತಾಗ ರೇಣುಕಾ ಗಾಜಿನ ಬಾಗಿಲು ತೆರೆದಿಟ್ಟೇ ಹೊರಗೆ ಹೋದಳು. ಹಾಗಾಗಿ ನನಗೆ ಎಲ್ಲ ಕೇಳಿಸಿತು. ಸುತ್ತಿ ಬಳಸಿ ಹೇಳಲಿಲ್ಲ. ಹಾಕಬೇಕಾದ್ದನ್ನು ಹಾಕಲು ಮರೆತೆ, ನೋಡಲು ಸರಿಯಿತ್ತು, ಒಳಗೆ ಕೆಟ್ಟಿತು, ನಿಮ್ಮ ಕಣ್ಣಿನ ಕೋಶ ಬಹಳ ಸತ್ತವು ಎಂದಳು.

“ಎಷ್ಟ ಉಳದಾವು?” ಎಂದು ಕಲ್ಲವ್ವ ಕೇಳಿದಳು.

“ಸಾಸಿವಿ ಕಾಳಿನಷ್ಟ ಜಾಗಾದಾಗ.”

“ನನಗ ಸಿಟ್ಟ ಬಂದೈತಿ. ಸುಳ್ಳ ಯಾಕ ಹೇಳ್ಲಿ.”

“ಬೈರಿ.”

“ಬೈದ್ರ ಬೆಳಿತೈತೇನ ಅದು?” ಬೆಂಚು ಕಿರುಗುಟ್ಟಿತು. ಕಲ್ಲವ್ವ ದೊಡ್ಡದಾಗಿ ಉಸಿರು ಬಿಟ್ಟಳು. “ನಾನೂ ಒಮ್ಮೆ ಹಿಂಗ ಮಾಡೇನಿ ತಗೋ. ನನ್ನ ಮಗಳ ಸತ್ತ ವರ್ಷ. ಕೈ ಕೆಲಸಾ ಮಾಡ್ತಿತ್ತು, ನಾ ಇರ್ಲಿಲ್ಲ. ಮದಿವಿ ಮನಿ ಅದು. ಸುಣ್ಣಕ್ಕ ಗೋಂದ ಹಾಕೂದ ಮರತಬಿಟ್ಟೆ. ಗ್ವಾಡಿ ಬೆಳ್ಳಗ ಹಾಲ ಇದ್ದಂಗ ಇತ್ತು, ಎಲ್ಲಾರೂ ಹೊಗಳಿದ್ರು. ಮದಿವಿ ದಿನಾ ಬೀಗರು ಬಂದ್ರು. ಕರೇ ಕೋಟ, ರೇಶ್ಮಿ ಸೀರಿ. ಗ್ವಾಡಿಗಿ ಬೆನ್ನ ಹಚ್ಚಿ ಸಾಲಾಗಿ ಕುಂತ್ರು...”

“ಅಯ್ಯ,” ಎಂದಳು ರೇಣುಕಾ.

“ಊಟಕ್ಕ ಎದ್ರ ನೋಡು, ಎಲ್ಲಾರ ಬೆನ್ನೂ ಬೆಳ್ಳಗ! ಗ್ವಾಡಿ ಮ್ಯಾಲ ಬೀಗರ ಆಕಾರದ್ದು ಕರೇ ಕಲಿ. ಒಬ್ಬಂದಂತೂ ಬೋಳ ತಲಿ. ತಲಿ ಹಿಂದೂ ಸುಣ್ಣಾ!”

ರೇಣುಕಾ ನಕ್ಕಳು. ಮೊದಲು ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ತಡೆಯಲಾಗದೆ ಬಾಯಿಬಿಟ್ಟು ನಕ್ಕಳು. ನಗು ಅಲ್ಲೇ ಅಳುವಾಯಿತು. ಗಂಡ ಸತ್ತಂದಿನಿಂದ ಅತ್ತಿರದ ಅಳು ಅದು. ಆಸ್ಪತ್ರೆಯ ನಡುಹಗಲಲ್ಲಿ, ಹಾದುಹೋಗುವವರು ನಿಂತು ನೋಡುವಂತೆ ಅತ್ತಳು. ಕಲ್ಲವ್ವ ಸಮಾಧಾನ ಹೇಳಲಿಲ್ಲ. ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು. ಒದ್ದೆಯಾದ ಮೇಲೆ ಅರಿವು ಮರಳುತ್ತದೆ ಎಂದು ನನಗಿಂತ ಚೆನ್ನಾಗಿ ಯಾರು ಬಲ್ಲರು?

ಡಾಕ್ಟರು ಆಮೇಲೆ ಬೈದರು. ಮೇಲಿನವರ ಮುಂದೆ ರೇಣುಕಾ ಹೋಗಿ ನಿಲ್ಲಬೇಕಾಯಿತು. ಬಡ್ತಿ ನಿಂತಿತು, ಕೆಲಸ ಹೋಗಲಿಲ್ಲ.

ಆ ಸಾಸಿವೆಕಾಳಿನಷ್ಟು ಜಾಗ ಮೊದಲು ಹಾಗೇ ಇತ್ತು. ಆಮೇಲೆ ಒಂದು ಬದಿ ಕೊಂಚ ಹರಡಿತು. ಡಾಕ್ಟರು ದಿನವೂ ನೋಡಿ ಹೋಗುತ್ತಿದ್ದರು. ಎಂದಿನ ಎರಡರಷ್ಟು ಕಾಲ ಹಿಡಿಯಿತು, ಕೊನೆಗೆ ಪದರ ಆಯಿತು. ಬೇರೆ ರೋಗಿಗಳಿಗೆ ಹೊಲಿಯುವ ಪದರದಷ್ಟು ಅಗಲವಿರಲಿಲ್ಲ. ಇಷ್ಟರಲ್ಲೇ ಪ್ರಯತ್ನ ಮಾಡೋಣ ಎಂದು ಕಲ್ಲವ್ವನ ಬಲಗಣ್ಣಿಗೆ ಹೊಲಿದರು. ಆಮೇಲೆ ಅವಳು ಬೆಂಚಿಗೆ ಬರಲಿಲ್ಲ. ವಾರ್ಡಿನಿಂದ ಊರಿಗೆ ಹೋದಳು ಎಂದು ಕೇಳಿದೆ. ಹಾಗೆ ಹೋದವರ ಸುದ್ದಿ ನಮ್ಮ ಮೇಜಿನವರೆಗೆ ಸಾಮಾನ್ಯವಾಗಿ ಬರುವುದಿಲ್ಲ.

ಆ ಹೊತ್ತಿಗೆ ನನಗೂ ವಯಸ್ಸಾಗಿತ್ತು. ಅಂಕಿ ಹೇಳಲು ತಡವಾಗುತ್ತಿತ್ತು. ಏಳನ್ನು ಸರಿಯಾಗಿ ಹೇಳುತ್ತಿದ್ದೆ, ನಾಲ್ಕನ್ನು ನಾಲ್ಕೂವರೆ ಎನ್ನುತ್ತಿದ್ದೆ. ಹುಳಿ ಅಷ್ಟು ಹುಳಿ ಅನ್ನಿಸುತ್ತಿರಲಿಲ್ಲ. ನನ್ನ ಬದಲಿಗೆ ಬರುವವನು ಆಗಲೇ ಡಬ್ಬಿಯಲ್ಲಿ ಬಂದು ಕೂತಿದ್ದ.

ಅಂಥ ಒಂದು ಮಧ್ಯಾಹ್ನ ಗಾಜಿನ ಬಾಗಿಲಿಗೆ ಯಾರೋ ಮುಖ ಹಚ್ಚಿದರು. ಕಲ್ಲವ್ವ. ರೇಣುಕಾ ಬಾಗಿಲು ತೆಗೆದು ನಿಂತಳು. ಕಲ್ಲವ್ವ ಹೇಗಿದ್ದೀ ಎಂದೂ ಕೇಳಲಿಲ್ಲ. ಎಡಗಣ್ಣಿನ ಮೇಲೆ ಅಂಗೈ ಮುಚ್ಚಿದಳು. ಬಲಗಣ್ಣನ್ನು ಕಿರಿದು ಮಾಡಿಕೊಂಡು ನಮ್ಮ ಕೋಣೆಯನ್ನು ಒಂದು ಸುತ್ತು ನೋಡಿದಳು. ಮೇಜು, ಫ್ರಿಜ್ಜು, ನಾನು. ಆಮೇಲೆ ನನ್ನ ತಲೆಯ ಮೇಲಿನ ಗೋಡೆ, ಗೋಡೆ ಮಾಡಿಗೆ ಕೂಡುವ ಮೂಲೆ.

“ಆ ಮೂಲ್ಯಾಗ ಎರಡನೇ ಕೈ ಹೊಡದಿಲ್ಲ,” ಎಂದಳು. “ಯಾವ ಕಳ್ಳ ಬಳದಾನ ಇದನ್ನ?”

ರೇಣುಕಾ ತಿರುಗಿ ಮೂಲೆ ನೋಡಿದಳು. ಒಂದೇ ಸಲ ಬಳಿದ ಬಣ್ಣ ಅಲ್ಲಿ ತೆಳ್ಳಗಿತ್ತು, ಹೌದು. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಅವಳ ಗದ್ದದ ಗಾಯದ ಗುರುತು ಮೆಲ್ಲಗೆ ಮೇಲೇರಿತು.

ನನ್ನ ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹೊಸಬ ತೋಳಿಗೇರಿದ. ನನ್ನನ್ನು ಆಸ್ಪತ್ರೆಯ ಬಾಯ್ಲರ್ ಕೋಣೆಗೆ ಕೊಟ್ಟರು, ನೀರು ನೋಡಲಿಕ್ಕೆ. ಅಲ್ಲಿ ನನ್ನ ಟೋಪಿ ಎಲ್ಲೋ ಬಿದ್ದುಹೋಯಿತು. ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಒಣಗುತ್ತ ಬಿದ್ದಿದ್ದೆ. ಎಷ್ಟು ದಿನ ಎಂದು ಹೇಳಲಾರೆ, ಮರಗಟ್ಟಿದ ಮೇಲೆ ದಿನದ ಲೆಕ್ಕ ಸಿಗುವುದಿಲ್ಲ. ಹಳೇ ಸಾಮಾನು ಒಟ್ಟುಮಾಡುವಾಗ ಗುಜರಿಯ ಚೀಲದಲ್ಲಿ ಹೋಗಬೇಕಾಗಿದ್ದ ನನ್ನನ್ನು ರೇಣುಕಾ ಕಂಡು ತೆಗೆದುಕೊಂಡು ಬಂದಳು.

ಉಪ್ಪುನೀರಿನಲ್ಲಿ ನೆನೆಸಿಟ್ಟು, ಪೆಟ್ಟಿಗೆಗೆ ಜೋಡಿಸಿ ನೋಡಿದಳು. ಹುಳಿಯ ದ್ರವಕ್ಕೆ ಅದ್ದಿದಳು. ಏಳು ಎಂದೆ. ಕ್ಷಾರಕ್ಕೆ ಅದ್ದಿದಳು. ಏಳು ಎಂದೆ. ಮೀಡಿಯಮ್ಮಿಗೆ ಅದ್ದಿದರೂ ಅದೇ. ಬಹಳ ದಿನ ಒಣಗಿ ಸತ್ತ ಕಡ್ಡಿಗಳೆಲ್ಲ ಹೀಗೇ, ಏನು ಮುಟ್ಟಿಸಿದರೂ ಏಳು. ನೋಡುವವರಿಗೆ ಇದು ಬಹಳ ಸಮಾಧಾನದ ಅಂಕಿ.

“ಇದಕ್ಕ ಈಗ ಎಲ್ಲಾ ಏಳ,” ಎಂದಳು ತನಗೆ ತಾನೇ. ನನ್ನನ್ನು ಒರೆಸುತ್ತ, “ನಾನೂ ಹಿಂಗ ಆಗಿದ್ದೆ” ಎಂದಳು.

ಒಗೆಯಲಿಲ್ಲ. ಎಲ್ಲಿಂದಲೋ ಒಂದು ಹಳೇ ರಬ್ಬರ್ ಟೋಪಿ ಹುಡುಕಿ, ಉಪ್ಪುನೀರು ತುಂಬಿ ನನಗೆ ಹಾಕಿ, ಮೇಜಿನ ಖಾನೆಯಲ್ಲಿ ಮಲಗಿಸಿದಳು. ಆಗಾಗ ಖಾನೆ ಎಳೆದು ಟೋಪಿಯ ನೀರು ಬದಲಿಸುತ್ತಾಳೆ. ಇದರಿಂದ ನನಗೇನೂ ಆಗುವುದಿಲ್ಲ, ಅವಳಿಗೂ ಅದು ಗೊತ್ತು. ನನಗೆ ನೀರು ತಟ್ಟಿದ್ದೂ ತಿಳಿಯುವುದಿಲ್ಲ. ಖಾನೆ ತೆರೆದಾಗ ಬೆಳಕು ಬೀಳುತ್ತದೆ. ಮಲಗಿದಲ್ಲಿಂದ ಒಂದು ಗದ್ದ ಕಾಣುತ್ತದೆ, ಅದರ ಆಚೆ ಮೇಲಿನ ಮೂಲೆ ಕಾಣುತ್ತದೆ. ಅಲ್ಲಿಗೆ ಇನ್ನೂ ಎರಡನೇ ಕೈ ಬಿದ್ದಿಲ್ಲ.